ನಂಬರ್ ನನ್ನದು, ಆಟದ ಖಾತೆ ಮಾತ್ರ ಯಾರದ್ದು?

ಮೊಬೈಲ್ ಕಂಪನಿಯ ಸಹವಾಸ ಸಾಕಾಯಿತು ಅಂದರೆ ನೀವು ಏನು ಮಾಡುತ್ತೀರಿ? 1900ಕ್ಕೆ ‘ಪೋರ್ಟ್’ ಅಂತ ಬರೆದು, ಮುಂದೆ ನಂಬರ್ ಹಾಕಿ ಮೆಸೇಜ್ ಕಳಿಸುತ್ತೀರಿ. ಒಂದು ಕೋಡ್ ಬರುತ್ತದೆ. ಅದನ್ನು ತೋರಿಸಿ ಬೇರೆ ಕಂಪನಿಯ ಸಿಮ್ ತಗೊಳ್ಳುತ್ತೀರಿ. ಕೆಲವೇ ದಿನಗಳಲ್ಲಿ ಕಂಪನಿ ಬದಲಾಗುತ್ತದೆ, ನಂಬರ್ ಮಾತ್ರ ಹಾಗೇ ಉಳಿಯುತ್ತದೆ. 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಶುರುವಾಗಿ, 2011ರ ಜನವರಿ 20ರಂದು ಇಡೀ ದೇಶಕ್ಕೆ ಬಂದ ವ್ಯವಸ್ಥೆ ಇದು. ಅದಕ್ಕೂ ಮೊದಲಿನ ಕತೆಯನ್ನು ಅಪ್ಪ ಈಗಲೂ ಹೇಳುತ್ತಿರುತ್ತಾರೆ. ನಮ್ಮೂರಿನಲ್ಲಿ ಅವರ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಆದರೆ ನಂಬರನ್ನು ಬೀಗರಿಗೆ, ಬ್ಯಾಂಕಿಗೆ, ಅಡಿಕೆ ಮಂಡಿಯವರಿಗೆ ಕೊಟ್ಟಾಗಿತ್ತು. ಅದಕ್ಕೇ ಹಳೇ ಸಿಮ್ಮನ್ನೇ ಇಟ್ಟುಕೊಂಡು, ಫೋನ್ ಬಂದಾಗೆಲ್ಲ ಮಾಳಿಗೆ ಹತ್ತಿ ಮಾತಾಡುತ್ತಿದ್ದರಂತೆ.

ಆ ಕಾಲ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಮಾಳಿಗೆ ಹತ್ತುವ ಸರದಿ ಈಗ ನಮ್ಮ ತಲೆಮಾರಿನದು. ಆಗ ಕಟ್ಟಿಹಾಕುತ್ತಿದ್ದದ್ದು ಸಿಮ್, ಈಗ ಕಟ್ಟಿಹಾಕುತ್ತಿರುವುದು ಆನ್‌ಲೈನ್ ಗೇಮ್‌ನ ಖಾತೆ.

ಗೇಮ್ ಅಂದ ಕೂಡಲೇ ಪುಟ ತಿರುಗಿಸಬೇಡಿ. ದುಡ್ಡು ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್ ಬಗ್ಗೆ ನಾನು ಹೇಳುತ್ತಿಲ್ಲ. ಅವನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದೆ. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೂ ಕೊಟ್ಟಿದೆ. ನಾನು ಹೇಳುತ್ತಿರುವುದು ಈ ಎರಡನೇ ಬಗೆಯ ಆಟಗಳ ಬಗ್ಗೆ, ಅಂದರೆ ದುಡ್ಡು ಕೊಟ್ಟು ಒಮ್ಮೆ ಕೊಂಡು, ವರ್ಷಗಟ್ಟಲೆ ಆಡಿ, ಲೆವೆಲ್, ರ‍್ಯಾಂಕ್ ಏರುತ್ತಾ ಹೋಗುವ ಆಟಗಳ ಬಗ್ಗೆ.

ಒಂದೇ ಗೇಮ್ ಇವತ್ತು ನಾಲ್ಕೈದು ಅಂಗಡಿಗಳಲ್ಲಿ ಮಾರಾಟಕ್ಕಿರುತ್ತದೆ. ಕಂಪ್ಯೂಟರಿಗೆ ಸ್ಟೀಮ್, ಎಪಿಕ್, ಪ್ಲೇಸ್ಟೇಷನ್‌ಗೆ ಸೋನಿಯದು, ಎಕ್ಸ್‌ಬಾಕ್ಸ್‌ಗೆ ಮೈಕ್ರೊಸಾಫ್ಟ್‌ನದು, ಫೋನಿಗೆ ಗೂಗಲ್ ಪ್ಲೇ, ಆ್ಯಪ್ ಸ್ಟೋರ್. ಎಲ್ಲವೂ ಕಣ್ಣಿಗೆ ಕಾಣದ ಡಿಜಿಟಲ್ ಅಂಗಡಿಗಳು. ಕೆಲವು ಗೇಮ್‌ಗಳಲ್ಲಿ ನೀವು ಯಾವ ಅಂಗಡಿಯಲ್ಲಿ ಕೊಂಡಿರಿ ಎಂಬುದು ಮುಖ್ಯವಾಗುವುದಿಲ್ಲ. ಇನ್ನು ಕೆಲವು ಗೇಮ್‌ಗಳಲ್ಲಿ ನಿಮ್ಮ ಖಾತೆ ಆ ಅಂಗಡಿಗೇ ಗಂಟು ಬಿದ್ದಿರುತ್ತದೆ. ಅಂಗಡಿ ಬದಲಿಸಿದರೆ ಮತ್ತೆ ದುಡ್ಡು ಕೊಡಬೇಕು, ಮತ್ತೆ ಒಂದನೇ ಲೆವೆಲ್‌ನಿಂದ ಶುರು ಮಾಡಬೇಕು.

ನನಗಾಗಿದ್ದನ್ನೇ ಹೇಳುತ್ತೇನೆ. ಪಿಯುಸಿ ಮುಗಿದ ಬೇಸಿಗೆಯಲ್ಲಿ ಊರಿನ ಸೈಬರ್ ಸೆಂಟರ್‌ನಲ್ಲಿ ಕೂತು ಸಿಇಟಿ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ತುಂಬಿಕೊಟ್ಟು ಒಂದಿಷ್ಟು ದುಡ್ಡು ಮಾಡಿಕೊಂಡಿದ್ದೆ. ಅದರಲ್ಲಿ 899 ರೂಪಾಯಿ ಕೊಟ್ಟು ಒಂದು ಕಾರ್ ರೇಸ್ ಗೇಮ್ ಕೊಂಡೆ. ಬಿ.ಇ. ಸೇರಿ ಹಾಸ್ಟೆಲಿಗೆ ಬಂದರೆ ನಮ್ಮ ಸಾಲಿನ ಆರೇಳು ಹುಡುಗರ ಬಳಿಯೂ ಅದೇ ಗೇಮ್ ಇತ್ತು. ಖುಷಿಯಾಯಿತು. ಆದರೆ ಅವರೆಲ್ಲ ಬೇರೆ ಅಂಗಡಿಯಲ್ಲಿ ಕೊಂಡಿದ್ದರು. ಅದೇ ಗೇಮ್, ಅದೇ ಟ್ರ್ಯಾಕ್, ಅಕ್ಕಪಕ್ಕದ ರೂಮು. ಆದರೂ ಒಟ್ಟಿಗೆ ಒಂದು ರೇಸ್ ಆಡುವಂತಿಲ್ಲ! ಗೇಮ್ ಕಂಪನಿಗೆ ಮೇಲ್ ಹಾಕಿದೆ. ‘ನಿಮ್ಮ ಖಾತೆ ನೀವು ಖರೀದಿಸಿದ ಸ್ಟೋರ್‌ಗೆ ಸೀಮಿತ, ವರ್ಗಾವಣೆ ಸಾಧ್ಯವಿಲ್ಲ’ ಎಂದು ಉತ್ತರ ಬಂತು. ಅಂಗಡಿಯವರನ್ನು ಕೇಳಿದೆ. ‘ಅದು ಗೇಮ್ ಕಂಪನಿಗೆ ಬಿಟ್ಟ ವಿಷಯ’ ಎಂದರು. ಆ ಟೇಬಲ್ ಕೇಳಿ, ಈ ಟೇಬಲ್ ಕೇಳಿ ಅನ್ನಿಸಿಕೊಂಡು ಸರ್ಕಾರಿ ಕಚೇರಿ ಸುತ್ತಿದವರಿಗೆ ಈ ಆಟ ಚೆನ್ನಾಗಿ ಗೊತ್ತಿರುತ್ತದೆ. 899 ರೂಪಾಯಿ ಏನು ಮಹಾ ಅನ್ನಬಹುದು. ನಮ್ಮ ಮನೆಯಲ್ಲಿ ಅದು ಒಂದು ಗ್ಯಾಸ್ ಸಿಲಿಂಡರ್‌ನ ದುಡ್ಡು.

ಆಗುವುದಿಲ್ಲವೋ, ಮಾಡುವುದಿಲ್ಲವೋ?

‘ಸಾಧ್ಯವಿಲ್ಲ’ ಎಂಬ ಪದವನ್ನು ಎಂಜಿನಿಯರಿಂಗ್ ಓದುವವರು ಸುಮ್ಮನೆ ಒಪ್ಪಬಾರದು. ತಂತ್ರಜ್ಞಾನದಿಂದ ಆಗದೇ ಇರುವುದು ಬೇರೆ, ಕಂಪನಿಗೆ ಮಾಡಲು ಮನಸ್ಸಿಲ್ಲದಿರುವುದು ಬೇರೆ. ಎರಡಕ್ಕೂ ಇರುವ ವ್ಯತ್ಯಾಸ ತಿಳಿಯಲು ಫೋರ್ಟ್‌ನೈಟ್ ಕತೆಗಿಂತ ಒಳ್ಳೆಯ ಪಾಠವಿಲ್ಲ.

2018ರ ಜೂನ್‌ನಲ್ಲಿ ಎಪಿಕ್ ಕಂಪನಿಯ ಫೋರ್ಟ್‌ನೈಟ್ ಗೇಮ್ ನಿಂಟೆಂಡೊ ಸ್ವಿಚ್‌ಗೆ ಬಂತು. ಪ್ಲೇಸ್ಟೇಷನ್‌ನಲ್ಲಿ ಆಡುತ್ತಿದ್ದವರು ಉತ್ಸಾಹದಿಂದ ಸ್ವಿಚ್‌ನಲ್ಲಿ ಲಾಗಿನ್ ಆಗಲು ಹೋದರೆ ಬಾಗಿಲು ತೆರೆಯಲೇ ಇಲ್ಲ. ನಿಮ್ಮ ಖಾತೆ ಬೇರೆ ಪ್ಲಾಟ್‌ಫಾರ್ಮ್‌ಗೆ ಜೋಡಣೆಯಾಗಿದೆ, ಅದು ಇಲ್ಲಿ ನಡೆಯಲು ಬಿಡುವುದಿಲ್ಲ ಎಂಬ ಅರ್ಥದ ಸೂಚನೆ ಬಂತು. ಖಾತೆ ಎಪಿಕ್‌ನದ್ದೇ. ಆದರೆ ಒಮ್ಮೆ ಪ್ಲೇಸ್ಟೇಷನ್‌ನಲ್ಲಿ ಬಳಸಿದ ಖಾತೆಗೆ ಸ್ವಿಚ್‌ನಲ್ಲಿ ಜಾಗವಿರಲಿಲ್ಲ. ಎಕ್ಸ್‌ಬಾಕ್ಸ್, ಕಂಪ್ಯೂಟರ್, ಫೋನ್‌ನಲ್ಲಿ ಆಡುತ್ತಿದ್ದವರ ಖಾತೆಗಳು ಮಾತ್ರ ಸ್ವಿಚ್‌ನಲ್ಲೂ ಆರಾಮವಾಗಿ ನಡೆದವು. ಬೀಗ ಹಾಕಿದ್ದು ಸೋನಿ ಒಂದೇ. ಆಟಗಾರರು ಗಲಾಟೆ ಎಬ್ಬಿಸಿದರು. ಅದೇ ವರ್ಷದ ಸೆಪ್ಟೆಂಬರ್ 26ರಂದು ಸೋನಿ ತನ್ನ ನೀತಿ ಬದಲಿಸುವುದಾಗಿ ಪ್ರಕಟಿಸಿತು. ಎರಡೆರಡು ಖಾತೆ ಮಾಡಿಕೊಂಡಿದ್ದವರಿಗೆ ಅವನ್ನು ಒಂದಾಗಿಸಿಕೊಳ್ಳುವ ಸೌಲಭ್ಯವನ್ನು ಎಪಿಕ್ ಮುಂದಿನ ವರ್ಷ ಕೊಟ್ಟಿತು. ಮೂರೂವರೆ ತಿಂಗಳಲ್ಲಿ ಜಗತ್ತಿನ ವಿಜ್ಞಾನವೇನೂ ಬದಲಾಗಿರಲಿಲ್ಲ, ಬದಲಾಗಿದ್ದು ಸೋನಿಯ ತೀರ್ಮಾನ.

ಇದಕ್ಕಿಂತ ಮಜವಾದ ಸಂಗತಿ ನಡೆದದ್ದು ಅದರ ಹಿಂದಿನ ವರ್ಷ. 2017ರ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಆಟಗಾರರು ಫೋರ್ಟ್‌ನೈಟ್‌ನಲ್ಲಿ ಇದ್ದಕ್ಕಿದ್ದಂತೆ ಒಟ್ಟಿಗೆ ಆಡತೊಡಗಿದ್ದರು. ಎಪಿಕ್ ಅದನ್ನು ಸರಿಪಡಿಸಿ, ಅದೊಂದು ಕಾನ್ಫಿಗರೇಷನ್ ಸಮಸ್ಯೆ ಎಂದು ಹೇಳಿತು. ಅಂದರೆ ನೋಡಿ, ‘ಸಾಧ್ಯವೇ ಇಲ್ಲ’ ಅನ್ನುವ ಕೆಲಸ ಸೆಟ್ಟಿಂಗ್‌ನ ಒಂದು ಎಡವಟ್ಟಿನಿಂದ ತಾನಾಗಿಯೇ ಆಗಿಬಿಟ್ಟಿತ್ತು!

2024ರಲ್ಲಿ ಇನ್ನೊಂದು ನಡೆಯಿತು. ಹೆಲ್‌ಡೈವರ್ಸ್ 2 ಎಂಬ ಗೇಮನ್ನು ಸೋನಿ ಸ್ಟೀಮ್‌ನಲ್ಲೂ ಮಾರಿತ್ತು. ಬಿಡುಗಡೆಯಾಗಿ ಮೂರು ತಿಂಗಳಾಗುವ ಹೊತ್ತಿಗೆ, ಸ್ಟೀಮ್‌ನಲ್ಲಿ ಕೊಂಡವರೂ ಪ್ಲೇಸ್ಟೇಷನ್ ಖಾತೆಯನ್ನು ಜೋಡಿಸಲೇಬೇಕು ಎಂದಿತು. ಪ್ಲೇಸ್ಟೇಷನ್ ಖಾತೆಯನ್ನು ತೆರೆಯಲು ಅವಕಾಶವೇ ಇಲ್ಲದ ದೇಶಗಳು ನೂರಕ್ಕೂ ಹೆಚ್ಚಿದ್ದವು. ಅಲ್ಲೂ ಗೇಮ್ ಮಾರಾಟವಾಗಿತ್ತು. ದುಡ್ಡು ಕೊಟ್ಟವರು ಸ್ಟೀಮ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನೆಗೆಟಿವ್ ರಿವ್ಯೂ ಸುರಿದರು. ಕೆಲವೇ ದಿನಗಳಲ್ಲಿ ಸೋನಿ ಹಿಂದೆ ಸರಿಯಿತು.

ಅಂಗಡಿಯವರ ಮಾತನ್ನೂ ಕೇಳೋಣ

ಅಂಗಡಿಗಳ ಬಳಿ ಕಾರಣಗಳೇ ಇಲ್ಲ ಅನ್ನಲಾಗದು. ಗೇಮ್ ಮಾರಿದಾಗ ಅಂಗಡಿಗೆ ಪಾಲು ಸಿಗುತ್ತದೆ. ಸ್ಟೀಮ್‌ನ ಮಾಮೂಲಿ ಪಾಲು 30 ಪರ್ಸೆಂಟ್. 2018ರ ಡಿಸೆಂಬರ್‌ನಲ್ಲಿ ಶುರುವಾದ ಎಪಿಕ್ ಅಂಗಡಿ 12 ಪರ್ಸೆಂಟ್ ಸಾಕು ಎಂದು ಬಂತು. ಒಂದು ಅಂಗಡಿಯಲ್ಲಿ ಕೊಂಡು ಇನ್ನೊಂದು ಅಂಗಡಿಯ ಡೌನ್‌ಲೋಡ್, ಇನ್ನೊಂದು ಅಂಗಡಿಯ ಸೌಲಭ್ಯ ಬಳಸಿದರೆ ಅದರ ಖರ್ಚು ಯಾರು ಹೊರಬೇಕು? ಈ ಪ್ರಶ್ನೆ ನ್ಯಾಯವಾದದ್ದೇ. ಕದ್ದ ಕಾರ್ಡಿನಲ್ಲಿ ಗೇಮ್ ಕೊಳ್ಳುವವರು, ಖಾತೆಗಳನ್ನೇ ಮಾರುವ ವಂಚಕರು ಇರುವುದೂ ನಿಜ. ಭಾರತದಲ್ಲಿ ಎಷ್ಟೋ ಗೇಮ್‌ಗಳ ಬೆಲೆ ಅಮೆರಿಕಕ್ಕಿಂತ ಕಡಿಮೆ. ಎಲ್ಲಿಂದ ಎಲ್ಲಿಗೆ ಬೇಕಾದರೂ ಸಾಗಿಸಬಹುದು ಅಂದರೆ ಅಲ್ಲಿಯವರೂ ಇಲ್ಲೇ ಕೊಂಡಾರು.

ಇವಕ್ಕೆಲ್ಲ ನಂಬರ್ ಪೋರ್ಟಿಂಗ್‌ನಲ್ಲೇ ಉತ್ತರವಿದೆ. 2011ರಲ್ಲಿ ಒಂದೇ ಸರ್ಕಲ್‌ನ ಒಳಗೆ ಮಾತ್ರ ಪೋರ್ಟ್ ಮಾಡಬಹುದಿತ್ತು. ದೇಶದ ಯಾವ ಮೂಲೆಗಾದರೂ ನಂಬರ್ ಒಯ್ಯುವ ಅವಕಾಶ ಬಂದದ್ದು 2015ರ ಜುಲೈನಲ್ಲಿ. ಪೋರ್ಟಿಂಗ್‌ಗೆ ಒಂದು ಶುಲ್ಕ ಗೊತ್ತು ಮಾಡಿದರು. ಬಿಲ್ ಬಾಕಿ ಇದ್ದರೆ ಪೋರ್ಟ್ ಇಲ್ಲ ಎಂದರು. ಸಿಮ್ ಕೊಂಡ ಮೊದಲ 90 ದಿನ ಕಾಯಿರಿ ಎಂದರು. ಆಟದ ಖಾತೆಗೂ ಹೀಗೇ ಮಾಡಬಹುದು. ಮೊದಲು ಒಂದೇ ದೇಶದ ಒಳಗೆ ಸಾಗಿಸಲು ಬಿಡಿ, ನ್ಯಾಯವಾದ ಶುಲ್ಕ ತಗೊಳ್ಳಿ, ಮೋಸ ತಡೆಯಲು ಕೆಲವು ದಿನ ಕಾಯಿಸಿ. ಪುಕ್ಕಟೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಒಮ್ಮೆ ಕೊಟ್ಟ ದುಡ್ಡಿಗೆ ಬೆಲೆ ಕೊಡಿ ಎನ್ನುತ್ತಿದ್ದೇವೆ.

ಮನಸ್ಸು ಮಾಡಿದ ಕಂಪನಿಗಳು ಮಾಡಿಯೂ ತೋರಿಸಿವೆ. ಡೆಸ್ಟಿನಿ 2 ಎಂಬ ಗೇಮ್ 2019ರ ಅಕ್ಟೋಬರ್‌ನಲ್ಲಿ ಬ್ಯಾಟಲ್ ಡಾಟ್ ನೆಟ್ ಎಂಬ ಅಂಗಡಿ ಬಿಟ್ಟು ಸ್ಟೀಮ್‌ಗೆ ಹೋಯಿತು. ಆಟಗಾರರ ಪಾತ್ರಗಳು, ಸಾಧನೆಗಳು, ಕೊಂಡಿದ್ದ ಸಾಮಾನುಗಳು ಎಲ್ಲವೂ ಜೊತೆಗೇ ಹೋದವು. ಅದೇ ಗೇಮ್‌ನಲ್ಲಿ ಕನ್ಸೋಲ್‌ಗೂ ಕಂಪ್ಯೂಟರಿಗೂ ಒಂದೇ ಖಾತೆಯಲ್ಲಿ ಆಡುವ ವ್ಯವಸ್ಥೆಯೂ ಆ ವರ್ಷವೇ ಬಂತು. ಆದರೆ ಅಲ್ಲೂ ಒಂದು ಕೊಕ್ಕೆ ಉಳಿಯಿತು. ಲೆವೆಲ್ ಎಲ್ಲ ಕಡೆ ಬರುತ್ತದೆ, ದುಡ್ಡು ಕೊಟ್ಟು ಕೊಂಡ ದೊಡ್ಡ ಎಕ್ಸ್‌ಪ್ಯಾನ್ಶನ್‌ಗಳನ್ನು ಪ್ರತಿ ಕಡೆಯೂ ಬೇರೆ ಬೇರೆಯಾಗಿ ಕೊಳ್ಳಬೇಕು. ಬೀಗದ ಕೈ ಯಾವ ಜೇಬಿನಲ್ಲಿದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ನಮ್ಮ ದೇಶದಲ್ಲೇ ನಡೆದದ್ದು

ಇದೆಲ್ಲ ಪ್ಲೇಸ್ಟೇಷನ್ ಇರುವ ಶ್ರೀಮಂತರ ಮನೆಯ ಕತೆ ಅಂತ ಮೂಗು ಮುರಿಯಬೇಡಿ. ಪಬ್‌ಜಿ ನೆನಪಿದೆಯಲ್ಲ? 2020ರ ಸೆಪ್ಟೆಂಬರ್ 2ರಂದು ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು. ಲಾಕ್‌ಡೌನ್ ಪೂರ್ತಿ ಅದರಲ್ಲೇ ಮುಳುಗಿದ್ದ ನಮ್ಮ ಅಣ್ಣಂದಿರ ಖಾತೆಗಳೆಲ್ಲ ಅತಂತ್ರವಾದವು. 2021ರ ಜುಲೈ 2ರಂದು ಅದೇ ಆಟ ಬಿಜಿಎಂಐ ಹೆಸರಿನಲ್ಲಿ ಬಂದಾಗ, ಹಳೇ ಖಾತೆಯ ಸಾಮಾನನ್ನು ಹೊಸ ಖಾತೆಗೆ ಸಾಗಿಸಲು ಕಂಪನಿಯೇ ದಾರಿ ಮಾಡಿಕೊಟ್ಟಿತು. ಬೇರೆ ಆ್ಯಪ್‌ಗೇ ಸಾಗಿಸಲು ಆಗುವುದಾದರೆ, ಒಂದೇ ಗೇಮ್‌ನ ಎರಡು ಅಂಗಡಿಗಳ ನಡುವೆ ಯಾಕಾಗದು? 2022ರ ಜುಲೈನಲ್ಲಿ ಬಿಜಿಎಂಐ ಕೂಡ ಗೂಗಲ್, ಆ್ಯಪಲ್ ಅಂಗಡಿಗಳಿಂದ ಮಾಯವಾಗಿ, ಮತ್ತೆ ಬಂದದ್ದು 2023ರ ಮೇನಲ್ಲಿ. ಆ ಹತ್ತು ತಿಂಗಳು ಟೂರ್ನಮೆಂಟ್ ಆಡಿಯೇ ಬದುಕು ಕಟ್ಟಿಕೊಳ್ಳುತ್ತೇವೆ ಎಂದು ಹೊರಟಿದ್ದ ಹುಡುಗರು ಏನು ಮಾಡಬೇಕಿತ್ತು? ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಬದುಕನ್ನೆಲ್ಲ ಒಂದೆರಡು ಅಂಗಡಿಗಳ ಬಾಗಿಲಿಗೇ ಕಟ್ಟಿಹಾಕಿದರೆ, ಆ ಬಾಗಿಲು ಮುಚ್ಚಿದ ದಿನ ನಾವು ಬೀದಿಯಲ್ಲಿರುತ್ತೇವೆ ಎಂಬುದಷ್ಟೇ ನನ್ನ ಮಾತು.

ಗೇಮ್ ಆಡದವರಿಗೂ ಈ ಬಿಸಿ ತಟ್ಟದೇ ಇರುವುದಿಲ್ಲ. ಮೈಕ್ರೊಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ, ಜನ ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕಗಳೂ ಮುಚ್ಚಿಹೋದವು. ಕಂಪನಿ ಹಣ ವಾಪಸ್ ಕೊಟ್ಟಿತು, ನಿಜ. ಆದರೆ ನೀವು ಕೊಂಡ ಪುಸ್ತಕವನ್ನು ಅಂಗಡಿಯವನು ನಿಮ್ಮ ಕಪಾಟಿನಿಂದ ವಾಪಸ್ ಒಯ್ಯುವುದನ್ನು ಊಹಿಸಿಕೊಳ್ಳಿ! ಇವತ್ತು ಗೇಮ್, ಪುಸ್ತಕ. ನಾಳೆ ನಾವು ದುಡ್ಡು ಕೊಟ್ಟು ಮಾಡಿದ ಆನ್‌ಲೈನ್ ಕೋರ್ಸು, ಕೆಲಸಕ್ಕೆ ತೋರಿಸಬೇಕಾದ ಪ್ರಾಜೆಕ್ಟು.

ಕಾನೂನು ಏನನ್ನುತ್ತದೆ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿದೆ. ಡಿಜಿಟಲ್ ವಸ್ತು ಮಾರುವಾಗ, ಅದು ನಿಮ್ಮ ಸ್ವಂತದ್ದಾಗುವುದಿಲ್ಲ, ಬಳಸುವ ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಹಾಗೆ ಹೇಳದೆ ‘ಕೊಳ್ಳಿ’ ಎನ್ನುವಂತಿಲ್ಲ. 2025ರ ಜನವರಿ 1ರಿಂದ ಇದು ಜಾರಿಯಲ್ಲಿದೆ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಗೆ ಬಂದ ಜಿಡಿಪಿಆರ್ ನಿಯಮದಡಿ, ಜನ ತಾವು ಕೊಟ್ಟ ಮಾಹಿತಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ಪಡೆದಿದ್ದಾರೆ.

ನಮ್ಮಲ್ಲೂ ಅಂಥದ್ದೊಂದು ಹಕ್ಕು ಬರುವುದರಲ್ಲಿತ್ತು. 2019ರಲ್ಲಿ ಸಂಸತ್ತಿನಲ್ಲಿ ಮಂಡಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ಅದು ಇತ್ತು. 2022ರಲ್ಲಿ ಆ ಮಸೂದೆಯನ್ನು ವಾಪಸ್ ಪಡೆದರು. 2023ರಲ್ಲಿ ಪಾಸಾದ ಕಾಯ್ದೆಯಲ್ಲಿ ಆ ಹಕ್ಕು ಕಾಣಿಸುತ್ತಿಲ್ಲ. ಇದ್ದಿದ್ದರೂ ಗೇಮ್‌ನ ಬೀಗ ತಕ್ಷಣ ಒಡೆಯುತ್ತಿತ್ತು ಎನ್ನಲಾರೆ. ಮಾಹಿತಿ ಒಯ್ಯುವುದು ಒಂದು, ಆ ಕಡೆಯವರು ಅದನ್ನು ಒಪ್ಪಿಕೊಳ್ಳುವುದು ಇನ್ನೊಂದು. ಆದರೆ ಕೇಳುವುದಕ್ಕೆ ಒಂದು ಆಧಾರವಾದರೂ ಇರುತ್ತಿತ್ತು. ಅಂಗಡಿಗಳ ದರ್ಬಾರನ್ನು ಪ್ರಶ್ನಿಸಲು ಆಗುವುದೇ ಇಲ್ಲ ಎಂದೇನಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಪ್ಲೇ ಸ್ಟೋರ್‌ನ ಪಾವತಿ ನಿಯಮಗಳ ವಿಚಾರದಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತ್ತು. ಮುಂದೆ ಮೇಲ್ಮನವಿಯಲ್ಲಿ ಆ ಮೊತ್ತ ಇಳಿಯಿತು. ಆದರೂ ದೊಡ್ಡ ಅಂಗಡಿಯನ್ನು ಕಟಕಟೆಗೆ ಕರೆಯಬಹುದು ಎಂಬುದಂತೂ ಗೊತ್ತಾಯಿತು.

ಈಗ ನಮ್ಮ ಕೆಲಸ

ಗೆಳೆಯರೇ, ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಗೇಮ್ ಕೊಳ್ಳುವ ಮೊದಲು ಮೂರು ವಿಷಯ ನೋಡಿ. ಗೇಮ್ ಕಂಪನಿಯದ್ದೇ ಆದ ಸ್ವಂತ ಖಾತೆ ಇದೆಯೇ, ಇಲ್ಲಾ ಅಂಗಡಿಯ ಲಾಗಿನ್ ಒಂದೇ ಇದೆಯೇ? ಬೇರೆ ಅಂಗಡಿಯಲ್ಲಿ ಕೊಂಡವರ ಜೊತೆ ಆಡಬಹುದೇ? ಲೆವೆಲ್ ಮತ್ತು ಕೊಂಡ ಸಾಮಾನು, ಎರಡೂ ಜೊತೆಗೆ ಬರುತ್ತವೆಯೇ? ಉತ್ತರ ಸಿಗದಿದ್ದರೆ ರಿವ್ಯೂನಲ್ಲಿ ಕೇಳಿ. ಕನ್ನಡದಲ್ಲೇ ಕೇಳಿ, ತಪ್ಪೇನಿಲ್ಲ. ಹೆಲ್‌ಡೈವರ್ಸ್ ಪ್ರಕರಣದಲ್ಲಿ ಕಂಪನಿಯನ್ನು ಮಣಿಸಿದ್ದು ಯಾವ ಕೋರ್ಟೂ ಅಲ್ಲ, ಆಟಗಾರರ ರಿವ್ಯೂಗಳು.

ಇದಕ್ಕಿಂತ ದೊಡ್ಡ ಕೆಲಸ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲಿದೆ. ಡಿಬಿಎಂಎಸ್ ಕ್ಲಾಸಿನಲ್ಲಿ ಪ್ರೈಮರಿ ಕೀ ಬಗ್ಗೆ ಓದುತ್ತೇವಲ್ಲ, ಇಡೀ ಬೀಗದ ಗುಟ್ಟು ಅಲ್ಲಿದೆ. ವಿಟಿಯು ನಮಗೆಲ್ಲ ಒಂದು ಯುಎಸ್‌ಎನ್ ಕೊಡುತ್ತದೆ. ಹಾಸ್ಟೆಲ್ ಬಿಟ್ಟು ಪಿ.ಜಿ. ಸೇರಿದರೂ, ಬಸ್ ಪಾಸ್ ಬಿಟ್ಟು ಬೈಕ್ ಹಿಡಿದರೂ ನಮ್ಮ ಅಂಕಗಳು ಆ ಯುಎಸ್‌ಎನ್ ಹೆಸರಿನಲ್ಲೇ ಇರುತ್ತವೆ. ಬಸ್ ಪಾಸ್ ನಂಬರಿನ ಮೇಲೆ ಮಾರ್ಕ್ಸ್ ಕಾರ್ಡ್ ಕೊಟ್ಟರೆ ಹೇಗಿರುತ್ತದೆ? ಪಾಸ್ ಅವಧಿ ಮುಗಿದ ದಿನ ಡಿಗ್ರಿಯೂ ಮುಗಿಯಿತು! ಅಂಗಡಿಯ ಐಡಿಯನ್ನೇ ಆಟಗಾರನ ಗುರುತಾಗಿ ಇಟ್ಟುಕೊಂಡ ಗೇಮ್‌ನಲ್ಲಿ ಆಗುವುದು ಇದೇ. ಆಟಗಾರನಿಗೆ ಗೇಮ್‌ನದ್ದೇ ಒಂದು ಸ್ವಂತ ಐಡಿ ಕೊಟ್ಟು, ಅಂಗಡಿಗಳ ಐಡಿಗಳನ್ನು ಅದಕ್ಕೆ ಜೋಡಿಸಿ ಇಟ್ಟರೆ, ನಾಳೆ ಒಂದು ಅಂಗಡಿ ಹೋದರೂ ಆಟಗಾರ ಉಳಿಯುತ್ತಾನೆ. ಕಂಪನಿಯ ಮನಸ್ಸು ಬದಲಾದ ದಿನ ದಾರಿಯೂ ತೆರೆದಿರುತ್ತದೆ.

ಬೆಂಗಳೂರಿನಲ್ಲಿ ರಾಕ್‌ಸ್ಟಾರ್, ಜಿಂಗಾದಂಥ ಗೇಮ್ ಕಂಪನಿಗಳ ಕಚೇರಿಗಳಿವೆ. ಸಣ್ಣಪುಟ್ಟ ಸ್ಟುಡಿಯೊಗಳೂ ಇವೆ. ಇನ್ನೆರಡು ವರ್ಷದಲ್ಲಿ ನಮ್ಮಲ್ಲಿ ಕೆಲವರು ಅಲ್ಲಿ, ಇನ್ನೂ ಅನೇಕರು ಬ್ಯಾಂಕ್ ಆ್ಯಪ್, ಆಸ್ಪತ್ರೆ ಆ್ಯಪ್, ಕೋರ್ಸ್ ಆ್ಯಪ್ ಮಾಡುವ ಕಡೆ ಕೆಲಸಕ್ಕೆ ಸೇರುತ್ತೇವೆ. ಸೇರಿದ ಮೊದಲ ವರ್ಷವೇ ಯಾರೋ ನಮ್ಮನ್ನು ಕರೆದು ‘ಯೂಸರ್ ಟೇಬಲ್ ಡಿಸೈನ್ ಮಾಡು’ ಅನ್ನುತ್ತಾರೆ. ಅವತ್ತು ಹೊಸಬ ಅಂತ ಸುಮ್ಮನಿರಬೇಡಿ. ‘ಸರ್, ಬಳಕೆದಾರ ನಾಳೆ ಬೇರೆ ಕಡೆ ಹೋಗಬೇಕು ಅಂದರೆ ಅವನದ್ದನ್ನೆಲ್ಲ ಜೊತೆಗೆ ಕಳಿಸಲು ನಮ್ಮಲ್ಲಿ ದಾರಿ ಇದೆಯಾ?’ ಅಂತ ಒಂದು ಪ್ರಶ್ನೆ ಕೇಳಿ. ‘ಸಾಧ್ಯವಿಲ್ಲ’ ಎಂಬ ಉತ್ತರ ಬಂದರೆ, ‘ಯಾಕೆ?’ ಅಂತ ಇನ್ನೊಂದು ಪ್ರಶ್ನೆ ಕೇಳಿ.